ಫಿನ್‌ಲೆಂಡ್‌ನಲ್ಲಿ ಒಂದೇ ನದಿ ನೋಡುವುದಾದರೆ ಯಾವುದು?

ಜುಲೈನಲ್ಲಿ ಲ್ಯಾಪ್‌ಲೆಂಡ್‌ಗೆ ಬರುತ್ತಿದ್ದೇನೆ, ಒಂದು ದಿನ ಬಿಡುವಿದೆ, ದೇಶದ ಅತಿ ಉದ್ದದ ನದಿ ಕೆಮಿಯೋಕಿಯನ್ನೇ ನೋಡಲೇ ಎಂದು ಕೇಳಿದ್ದೀರಿ. ಬೇಡ, ತೋರ್ನಿಯೋ ನದಿಗೆ ಹೋಗಿ. ನಾನು ಕೆಮಿಯೋಕಿಯ ದಡದ ಕೆಮಿ ಊರಿನಲ್ಲೇ ನೆಲೆಸಿದ್ದೂ ಹೀಗೆ ಹೇಳುತ್ತಿದ್ದೇನೆ.

ಕೆಮಿಯೋಕಿ ಸುಮಾರು 550 ಕಿ.ಮೀ. ಉದ್ದವಿದೆ, ನಿಜ. ಆದರೆ 1949ರಲ್ಲಿ ಅದು ಸಮುದ್ರ ಸೇರುವಲ್ಲೇ ಇಸೋಹಾರಾ ಜಲವಿದ್ಯುದಾಗಾರ ಎದ್ದಿತು. ಸಮುದ್ರದಿಂದ ಮೊಟ್ಟೆಯಿಡಲು ಬರುತ್ತಿದ್ದ ಸಾಲ್ಮನ್ ಮೀನಿನ ದಾರಿ ಮುಚ್ಚಿಹೋಯಿತು. ಆಮೇಲೆ ಮೇಲಕ್ಕೂ ಅಣೆಕಟ್ಟುಗಳ ಸಾಲು. ದೇಶಕ್ಕೆ ವಿದ್ಯುತ್ ಬೇಕಿತ್ತು, ಒಪ್ಪುತ್ತೇನೆ. ಆದರೂ ಆ ನಿಂತ ನೀರನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಅಲ್ಲಿಂದ ಪಶ್ಚಿಮಕ್ಕೆ ಅರ್ಧ ಗಂಟೆ ದೂರದ ತೋರ್ನಿಯೋ ನದಿಯ ಮುಖ್ಯ ಹರಿವಿಗೆ ಒಂದೂ ಅಣೆಕಟ್ಟಿಲ್ಲ. ಸ್ವೀಡನ್ನಿನ ತೋರ್ನೆತ್ರೆಸ್ಕ್ ಸರೋವರದಲ್ಲಿ ಹುಟ್ಟುವ ಈ ನದಿ ದಾರಿಯಲ್ಲೇ ತನ್ನ ನೀರಿನ ಸುಮಾರು ಅರ್ಧವನ್ನು ತಾರೆಂದೋ ಕವಲಿನ ಮೂಲಕ ಪಕ್ಕದ ಕಾಲಿಕ್ಸ್ ನದಿಗೆ ಕೊಟ್ಟುಬಿಡುತ್ತದೆ. ಜಗತ್ತಿನಲ್ಲಿ ಇಂಥ ಕವಲುಗಳು ಬಹಳ ಅಪರೂಪ. ಮುಂದೆ ಮುವೊನಿಯೋ ನದಿ ಬಂದು ಸೇರಿದ ಮೇಲೆ ಸಮುದ್ರದವರೆಗೂ ಇದೇ ಎರಡು ದೇಶಗಳ ಗಡಿ. 1736ರ ಚಳಿಗಾಲದಲ್ಲಿ ಫ್ರಾನ್ಸಿನ ವಿಜ್ಞಾನಿ ಮೊಪರ್ಟ್ವಿಯ ತಂಡ ಭೂಮಿಯ ಆಕಾರ ತಿಳಿಯಲು ಅಳತೆಯ ಆಧಾರರೇಖೆ ಎಳೆದದ್ದು ಹೆಪ್ಪುಗಟ್ಟಿದ ಈ ನದಿಯ ಮೇಲೆಯೇ.

ನೀವು ತಪ್ಪದೆ ನೋಡಬೇಕಾದದ್ದು ತೋರ್ನಿಯೋ ಊರಿನಿಂದ ಸುಮಾರು 15 ಕಿ.ಮೀ. ಮೇಲಿನ ಕುಕ್ಕೊಲ. ಸುಮಾರು ಮೂರೂವರೆ ಕಿ.ಮೀ. ಉದ್ದಕ್ಕೂ ನದಿ ಬಂಡೆಗಳ ಮೇಲೆ ಬಿಳಿನೊರೆಯಾಗಿ ಧುಮ್ಮಿಕ್ಕುತ್ತದೆ. ಆ ಸೆಳವಿನೊಳಕ್ಕೇ ಚಾಚಿದ ಮರದ ಅಟ್ಟಣೆಯ ತುದಿಯಲ್ಲಿ ನಿಂತು, ಹಲವು ಮೀಟರ್ ಉದ್ದದ ಕೋಲಿಗೆ ಕಟ್ಟಿದ ಬಲೆಯನ್ನು ನೀರಿಗಿಳಿಸಿ, ಹರಿವಿನ ಜೊತೆಗೆ ಒಮ್ಮೆ ಎಳೆದು ಎತ್ತುತ್ತಾರೆ. ಆ ಬಲೆಗೆ ಇಲ್ಲಿ 'ಲಿಪ್ಪೊ' ಎನ್ನುತ್ತಾರೆ. ಸಿಗುವುದು 'ಸೀಕಾ' ಎಂಬ ಬೆಳ್ಳಿಬಣ್ಣದ ಮೀನು. ಅದನ್ನು ಕಡ್ಡಿಗೆ ಚುಚ್ಚಿ, ಉಪ್ಪು ಹಾಕಿ, ಕೆಂಡದ ಪಕ್ಕದಲ್ಲಿ ನಿಲ್ಲಿಸಿ ಬೇಯಿಸುತ್ತಾರೆ. ಮೇ ತಿಂಗಳಲ್ಲಿ ಒಡೆದು ಬರುವ ಮಂಜುಗಡ್ಡೆಗೆ ಏನೂ ಉಳಿಯುವುದಿಲ್ಲವಾದ್ದರಿಂದ ಅಟ್ಟಣೆಯನ್ನು ಪ್ರತಿ ಬೇಸಿಗೆಯೂ ಹೊಸದಾಗಿ ಕಟ್ಟಬೇಕು.

ಸಾಲ್ಮನ್ ಇಲ್ಲೂ 1980ರ ದಶಕದಲ್ಲಿ ಅಳಿವಿನಂಚಿಗೆ ಬಂದಿತ್ತು. ಸಮುದ್ರದಲ್ಲಿ ಮೀನುಗಾರಿಕೆಗೆ ಕಡಿವಾಣ ಬಿದ್ದ ಮೇಲೆ ಚೇತರಿಸಿಕೊಂಡಿತು. 2014ರಲ್ಲಿ ಈ ನದಿಯ ಕತ್ತಿಲಕೋಸ್ಕಿ ಎಂಬಲ್ಲಿ ಸೋನಾರ್ (ನೀರೊಳಗಿನ ಶಬ್ದತರಂಗ) ಬಳಸಿ ಮಾಡಿದ ಸಾಲ್ಮನ್ ಎಣಿಕೆ ಸುಮಾರು ಒಂದು ಲಕ್ಷ ಮುಟ್ಟಿತು. ಈಚೆಗೆ ಮತ್ತೆ ಇಳಿದಿದೆ. ಹಾಗಾಗಿ ಗಾಳ ಹಾಕುವ ಆಸೆಯಿದ್ದರೆ ಆ ವರ್ಷದ ನಿಯಮಗಳನ್ನು ಓದಿಕೊಂಡು, ಪರವಾನಗಿ ಪಡೆದೇ ನೀರಿಗಿಳಿಯಿರಿ. ಇನ್ನೊಂದು ಮಾತು: ಎದುರು ದಡದ ಸ್ವೀಡನ್ನಿನಲ್ಲಿ ಗಡಿಯಾರ ಒಂದು ಗಂಟೆ ಹಿಂದಿರುತ್ತದೆ, ಅಲ್ಲಿಂದ ಬಸ್ ಹಿಡಿಯುವುದಾದರೆ ನೆನಪಿರಲಿ.