ಮೇಸ್ತ್ರಿ ಹೇಳಿದ್ದಾ, ಡ್ರಾಯಿಂಗ್ ಹೇಳಿದ್ದಾ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕಟ್ಟಡದ ಕೆಲಸಕ್ಕೆ ಸಂಬಂಧಪಟ್ಟವು. ಕಾರವಾರದವರು, ಅಂಕೋಲೆಯವರು, ಘಟ್ಟದ ಮೇಲಿನ ಶಿರಸಿಯವರು, ಎಲ್ಲರೂ ಸುತ್ತಿ ಬಳಸಿ ಕೇಳಿದ್ದು ಒಂದನ್ನೇ. ಸೈಟಿನಲ್ಲಿ ಇಷ್ಟೊಂದು ಜನ ಇರ್ತಾರಲ್ಲ, ಇದು ಯಾರ ಕೆಲಸ? ಮೊದಲ ಪತ್ರಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಆ ಹುಡುಗ ನಿಂತಿರುವ ಜಾಗದಲ್ಲಿ ನಾನೂ ಒಮ್ಮೆ ನಿಂತಿದ್ದೆ.

ಪ್ರಶ್ನೆ: ಡಿಪ್ಲೊಮಾ ಮುಗಿಸಿ ಒಂದು ಅಪಾರ್ಟ್‌ಮೆಂಟ್ ಸೈಟಿನಲ್ಲಿ ಸೈಟ್ ಇಂಜಿನಿಯರ್ ಆಗಿ ಸೇರಿ ನಾಲ್ಕು ತಿಂಗಳಾಯಿತು. ಡೀಸೆಲ್ ತರುವುದು ನಾನು, ಸಿಮೆಂಟ್ ಚೀಲ ಎಣಿಸುವುದೂ ನಾನು. ಮೇಸ್ತ್ರಿ ನನ್ನ ಮಾತು ಕೇಳುವುದಿಲ್ಲ. ಹೋದ ವಾರ ಸ್ಲ್ಯಾಬಿನ ಕಂಬಿ ಕೆಳಗೆ ಸುಮಾರು ಕಡೆ ಕವರ್ ಬ್ಲಾಕ್ (ಕಂಬಿಯನ್ನು ಹಲಗೆಯಿಂದ ಎತ್ತಿ ಹಿಡಿಯುವ ಸಣ್ಣ ಬಿಲ್ಲೆ) ಇರಲಿಲ್ಲ. ರೆಡಿಮಿಕ್ಸ್ ಲಾರಿ ಗೇಟಿಗೆ ಬಂದು ನಿಂತಿತ್ತು. ಪೋರ್ ಕಾರ್ಡಿಗೆ ಸಹಿ ಹಾಕು ಅಂತ ಪ್ರಾಜೆಕ್ಟ್ ಮ್ಯಾನೇಜರ್ ಹೇಳಿದರು, ಹಾಕಿದೆ. ಅವತ್ತಿನಿಂದ ಸರಿಯಾಗಿ ನಿದ್ದೆ ಇಲ್ಲ. ನಿಜಕ್ಕೂ ನನ್ನ ಕೆಲಸ ಏನು?
— ಓದುಗರು, ಕಾರವಾರ

ಉತ್ತರ: ನಿದ್ದೆ ಬರುತ್ತಿಲ್ಲ ಎಂದು ಬರೆದಿದ್ದೀರಲ್ಲ, ಅದನ್ನು ಓದಿ ನಿಮ್ಮ ಮೇಲೆ ಗೌರವ ಬಂತು.

ಪೋರ್ ಕಾರ್ಡ್ ಅಂದರೆ ಏನು ಅಂತ ಉಳಿದವರಿಗೂ ಹೇಳಿಬಿಡುತ್ತೇನೆ. ಕಾಂಕ್ರೀಟ್ ಹಾಕುವ ಮೊದಲು ಸೆಂಟ್ರಿಂಗ್ (ಕಾಂಕ್ರೀಟನ್ನು ಹೊರುವ ಹಲಗೆ, ಪೈಪು) ಗಟ್ಟಿ ಇದೆಯಾ, ಕಂಬಿ ಡ್ರಾಯಿಂಗಿನ ಪ್ರಕಾರ ಇದೆಯಾ, ಒಳಗೆ ಹೋಗುವ ಪೈಪು ಎಲ್ಲ ಕೂತಿದೆಯಾ ಎಂದು ನೋಡಿ ಸಹಿ ಹಾಕುವ ಹಾಳೆ ಅದು. ಸಾಮಾನ್ಯವಾಗಿ ಕಂಪನಿಯ ಸೈಟ್ ಇಂಜಿನಿಯರ್, ಕ್ವಾಲಿಟಿ ಇಂಜಿನಿಯರ್, ಮಾಲೀಕರ ಕಡೆಯ ಇಂಜಿನಿಯರ್, ಮೂವರೂ ಸಹಿ ಹಾಕಬೇಕು. ನಿಮ್ಮ ಸಹಿಗೆ ಅರ್ಥ ಇಷ್ಟೇ: ನಾನು ಕೆಳಗೆ ಬಗ್ಗಿ ನೋಡಿದ್ದೇನೆ.

ಪ್ರಾಜೆಕ್ಟ್ ಮ್ಯಾನೇಜರ್ ಕೆಟ್ಟವರು ಅಂತ ನಾನು ಹೇಳುವುದಿಲ್ಲ. ಹಣ, ದಿನಗಳ ಲೆಕ್ಕ, ಮಾಲೀಕರ ಜೊತೆ ಮಾತು, ಎಲ್ಲ ಅವರ ತಲೆ ಮೇಲೆ. ಲಾರಿ ವಾಪಸ್ ಹೋದರೆ ಆ ನಷ್ಟಕ್ಕೆ ಉತ್ತರ ಕೊಡಬೇಕಾದವರು ಅವರೇ, ಹಾಗಾಗಿ ಅವಸರ ಮಾಡಿಯೇ ಮಾಡುತ್ತಾರೆ. ಇದಕ್ಕೇ ಒಳ್ಳೆಯ ಕಂಪನಿಗಳಲ್ಲಿ ಕ್ವಾಲಿಟಿ ಇಂಜಿನಿಯರನ್ನು ಅವರ ಕೈಕೆಳಗೆ ಇಡುವುದಿಲ್ಲ, ಅವನು ನೇರ ಹೆಡ್ ಆಫೀಸಿಗೆ ವರದಿ ಕೊಡುತ್ತಾನೆ. ನಿಮ್ಮ ಸೈಟಿನಲ್ಲಿ ಆ ವ್ಯಕ್ತಿ ಯಾರು, ಯಾರಿಗೆ ವರದಿ ಕೊಡುತ್ತಾರೆ ಎಂದು ಮೊದಲು ತಿಳಿದುಕೊಳ್ಳಿ.

ಕವರ್ ಬ್ಲಾಕ್ ಸಣ್ಣ ವಿಷಯ ಅಂತ ಮೇಸ್ತ್ರಿ ಹೇಳಬಹುದು. ನಮ್ಮ ಕರಾವಳಿಯಲ್ಲಿ ಅದಕ್ಕಿಂತ ದೊಡ್ಡದು ಇಲ್ಲ. ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456 ಪ್ರಕಾರ ಕರಾವಳಿಯ ಗಾಳಿಗೆ ತೆರೆದುಕೊಂಡ ಕಾಂಕ್ರೀಟಿನಲ್ಲಿ ಕಂಬಿಯ ಹೊರಗೆ 45 ಮಿ.ಮೀ. ಕವರ್, ಅಂದರೆ ಅಷ್ಟು ದಪ್ಪದ ಕಾಂಕ್ರೀಟ್ ಹೊದಿಕೆ ಇರಬೇಕು, ಕಾಂಕ್ರೀಟಿನ ಬಲದ ದರ್ಜೆ ಎಂ30ಕ್ಕಿಂತ ಕಡಿಮೆ ಇರಬಾರದು. ಉಪ್ಪು ನಿಧಾನಕ್ಕೆ ಒಳಗಿಳಿದು ಕಂಬಿ ಮುಟ್ಟುತ್ತದೆ. ಕಂಬಿ ತುಕ್ಕು ಹಿಡಿದು ಉಬ್ಬುತ್ತದೆ, ಉಬ್ಬಿದ ಕಂಬಿ ಕಾಂಕ್ರೀಟನ್ನು ಸೀಳಿ ಕೆಡವುತ್ತದೆ. ಸಮುದ್ರದ ಕಡೆ ಮುಖ ಮಾಡಿರುವ ಹಳೆ ಮನೆಗಳ ಬಾಲ್ಕನಿ ಕೆಳಗೆ ನಿಂತು ತಲೆ ಎತ್ತಿ ನೋಡಿ, ಕೆಂಪು ಕಂಬಿ ಕಾಣುತ್ತದೆ.

ಈಗ ಮಾಡಬೇಕಾದದ್ದು: ಎಲ್ಲೆಲ್ಲಿ ಕವರ್ ಇರಲಿಲ್ಲ ಎಂದು ನೆನಪಿರುವಾಗಲೇ ಡ್ರಾಯಿಂಗ್ ಪ್ರತಿಯ ಮೇಲೆ ಗುರುತು ಹಾಕಿ, ಕ್ವಾಲಿಟಿಯವರಿಗೂ ಮ್ಯಾನೇಜರಿಗೂ ಬರೆದು ತಿಳಿಸಿ, ಕಟ್ಟಡದ ಬಲದ ಲೆಕ್ಕ ಹಾಕಿದ ಸ್ಟ್ರಕ್ಚರಲ್ ಕನ್ಸಲ್ಟೆಂಟ್ ತನಕ ಅದು ಹೋಗಲಿ. ಕವರ್ ಮೀಟರ್ ಎಂಬ ಉಪಕರಣ ಇದೆ, ಒಡೆಯದೆ ಅಳೆಯಬಹುದು. ಸೆಂಟ್ರಿಂಗ್ ತೆಗೆದ ಕೂಡಲೇ ಗೊತ್ತಾದರೆ ರಿಪೇರಿಗೆ ದಾರಿ ಇದೆ. ಪ್ಲಾಸ್ಟರ್ ಮೆತ್ತಿ ಮುಚ್ಚಿದ ಮೇಲೆ ಅಲ್ಲಿ ವಾಸ ಮಾಡುವವರಿಗೆ ಬಿಟ್ಟು ಬೇರೆ ಯಾರಿಗೂ ಅದು ನೆನಪಿರುವುದಿಲ್ಲ. ಬೈಗುಳ ಬೀಳಬಹುದು, ಬೀಳಲಿ.

ನನ್ನದೂ ಹೇಳುತ್ತೇನೆ. ಕೆಲಸಕ್ಕೆ ಸೇರಿದ ಮೊದಲ ವರ್ಷ, ಒಂದು ಕಾಲಂ ಜಾಗ ಬದಲಾಗಿ ಹೊಸ ಡ್ರಾಯಿಂಗ್ ಬಂದಿತ್ತು. ಅದು ಎರಡು ದಿನ ಆಫೀಸಿನ ಮೇಜಿನ ಮೇಲೇ ಇತ್ತು. ತಂದುಕೊಡುವುದು ಯಾರ ಕೆಲಸ ಅಂತ ಯಾರಿಗೂ ಹೇಳಿರಲಿಲ್ಲ, ಕೇಳಬೇಕು ಅಂತ ನನಗೂ ಹೊಳೆಯಲಿಲ್ಲ. ಹಳೆ ಡ್ರಾಯಿಂಗ್ ಪ್ರಕಾರ ಕಾಂಕ್ರೀಟ್ ಹಾಕಿಸಿದೆ. ಆಮೇಲೆ ಆಷಾಢದ ಮಳೆಯಲ್ಲಿ ನಾಲ್ಕು ಜನ ಮೂರು ದಿನ ಉಳಿ ಹಿಡಿದು ಆ ಕಾಲಂ ಒಡೆದರು. ಅವರ ಎದುರು ನಿಲ್ಲಲು ನನಗೆ ಮುಖವಿರಲಿಲ್ಲ. ಅಲ್ಲಿಂದ ಇಲ್ಲಿಯವರೆಗೆ ಬೆಳಿಗ್ಗೆ ಸೈಟಿಗೆ ಹೋದ ಕೂಡಲೇ ಡ್ರಾಯಿಂಗಿನ ರಿವಿಷನ್ ನಂಬರ್ ನೋಡುತ್ತೇನೆ. ನಿಮಗೂ ಇದೇ ಹೇಳುವುದು, ಮತ್ತು ಕಂಬಿ ಪರೀಕ್ಷೆ ಹಿಂದಿನ ಸಂಜೆಯೇ ಮುಗಿಸಿ. ಲಾರಿ ಗೇಟಿಗೆ ಬಂದ ಮೇಲೆ 'ಬೇಡ' ಎನ್ನುವುದು ಯಾರಿಗಾದರೂ ಕಷ್ಟ.

ಡೀಸೆಲ್ ಮತ್ತು ಚೀಲದ ಲೆಕ್ಕ ಸ್ಟೋರ್ ಕೀಪರ್ ಕೆಲಸ. ಸಣ್ಣ ಸೈಟಿನಲ್ಲಿ ಆ ಜನ ಇಲ್ಲದಿದ್ದರೆ ಮಾಡಿ, ಕಲಿಯುವುದಕ್ಕೂ ಇದೆ. ಸ್ಲ್ಯಾಬ್ ಹಾಕುವ ದಿನ ಮಾತ್ರ ಸೈಟ್ ಬಿಟ್ಟು ಕದಲಬೇಡಿ. ಇನ್ನು ಮೇಸ್ತ್ರಿ. ಅವರ ಕೈಯಲ್ಲಿ ಮೂವತ್ತು ವರ್ಷದ ಕೆಲಸ ಇರುತ್ತದೆ, ಮೊದಲು ಅವರಿಂದ ಕೇಳಿಕೊಳ್ಳಿ, ಕೊಂಕಣಿಯವರಾದರೆ ಕೊಂಕಣಿಯಲ್ಲೇ ನಾಲ್ಕು ಮಾತಾಡಿ. ಆದರೆ ಅವರ ಮಾತು ಮತ್ತು ಡ್ರಾಯಿಂಗ್ ಬೇರೆ ಬೇರೆ ಆದಾಗ ಡ್ರಾಯಿಂಗ್ ಬಿಚ್ಚಿ ಅವರ ಎದುರೇ ಟೇಪ್ ಹಿಡಿಯಿರಿ.

ಪ್ರಶ್ನೆ: ನನ್ನ ಗಂಡ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಾರೆ. ಎತ್ತರಕ್ಕೆ ಹತ್ತುವಾಗ ಬೆಲ್ಟ್ ಕೇಳಿದರೆ ಸೂಪರ್‌ವೈಸರ್ 'ಸೇಫ್ಟಿ ಆಫೀಸರ್ ಹತ್ತಿರ ಕೇಳು' ಎನ್ನುತ್ತಾರೆ. ಸೇಫ್ಟಿ ಆಫೀಸರ್ ವಾರಕ್ಕೊಮ್ಮೆ ಬರುತ್ತಾರೆ. ಯಾರನ್ನು ಕೇಳಬೇಕು?
— ಓದುಗರು, ಅಂಕೋಲಾ

ಉತ್ತರ: ಆ ಸೂಪರ್‌ವೈಸರನ್ನೇ. ಸೇಫ್ಟಿ ಆಫೀಸರ್ ಕೆಲಸ ಅಪಾಯ ಗುರುತಿಸುವುದು, ತರಬೇತಿ ಕೊಡುವುದು, ತಪ್ಪು ಕಂಡರೆ ಕೆಲಸ ನಿಲ್ಲಿಸುವುದು. ಇವತ್ತು ಬೆಳಿಗ್ಗೆ ನಿಮ್ಮ ಗಂಡನನ್ನು ಮೇಲೆ ಹತ್ತು ಎಂದವರು ಯಾರೋ, ಬೆಲ್ಟ್ ಇದೆಯಾ ಅಂತ ನೋಡಬೇಕಾದವರೂ ಅವರೇ. ಬೆಲ್ಟ್ ಕೊಡುವ ಖರ್ಚು ಕಂಪನಿಯದ್ದು, ಕೂಲಿಯಲ್ಲಿ ಹಿಡಿಯುವಂತಿಲ್ಲ. ಬೆಲ್ಟ್ ಅಂದರೆ ಸೊಂಟಕ್ಕೆ ಕಟ್ಟುವ ಪಟ್ಟಿ ಅಲ್ಲ, ಭುಜ ಮತ್ತು ತೊಡೆ ಎರಡನ್ನೂ ಹಿಡಿಯುವ ಫುಲ್ ಬಾಡಿ ಹಾರ್ನೆಸ್. ಅದರ ಕೊಕ್ಕೆಯನ್ನು ತಲೆಗಿಂತ ಮೇಲೆ, ಅಲುಗಾಡದ ಜಾಗಕ್ಕೆ ಸಿಕ್ಕಿಸಬೇಕು. ಸೆಂಟ್ರಿಂಗ್ ಪೈಪಿಗೇ ಸಿಕ್ಕಿಸಿಕೊಂಡರೆ ಪೈಪಿನ ಜೊತೆ ಮನುಷ್ಯನೂ ಬೀಳುತ್ತಾನೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಹಲಗೆ ಪಾಚಿ ಕಟ್ಟಿ ಜಾರುತ್ತದೆ, ಆಗ ಇನ್ನೂ ಜಾಗ್ರತೆ. ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ, 18ರಿಂದ 60 ವಯಸ್ಸಿನವರು ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು. ಇನ್ನೂ ಮಾಡಿಸಿಲ್ಲವಾದರೆ ಈ ವಾರವೇ ಮಾಡಿಸಿ.

ಪ್ರಶ್ನೆ: ಮನೆ ಕಟ್ಟಿಸುತ್ತಿದ್ದೇವೆ. ಹೊಸ ಸ್ಲ್ಯಾಬ್ ಮೊದಲ ಮಳೆಗೇ ಸೋರುತ್ತಿದೆ. ಇಂಜಿನಿಯರ್ ಕಾಂಟ್ರಾಕ್ಟರ್ ಕಡೆ ಬೆರಳು ತೋರಿಸುತ್ತಾರೆ, ಕಾಂಟ್ರಾಕ್ಟರ್ ಮೇಸ್ತ್ರಿ ಕಡೆ, ಮೇಸ್ತ್ರಿ ಸಿಮೆಂಟ್ ಸರಿಯಿಲ್ಲ ಎನ್ನುತ್ತಾನೆ.
— ಓದುಗರು, ಶಿರಸಿ

ಉತ್ತರ: ದೊಡ್ಡ ಕಂಪನಿಯಲ್ಲಿ ಇಪ್ಪತ್ತು ಜನ ಹಂಚಿಕೊಳ್ಳುವ ಕೆಲಸವನ್ನು ಮನೆ ಕಟ್ಟುವಾಗ ಮೂರೇ ಜನ ಮಾಡುತ್ತಾರೆ. ನಡುವೆ ಬಿಟ್ಟುಹೋಗುವುದು ಜಾಸ್ತಿ. ಕಂಬಿ ಎಷ್ಟು, ದಪ್ಪ ಎಷ್ಟು ಎಂಬುದು ಇಂಜಿನಿಯರದು. ಹಾಗೇ ಕಟ್ಟಿಕೊಡುವುದು ಕಾಂಟ್ರಾಕ್ಟರದು, ಮೇಸ್ತ್ರಿಯನ್ನು ಕರೆತಂದವರೂ ಅವರೇ, ಹಾಗಾಗಿ ಮೇಸ್ತ್ರಿ ತಪ್ಪು ಮಾಡಿದರೂ ನಿಮಗೆ ಉತ್ತರ ಕೊಡಬೇಕಾದವರು ಕಾಂಟ್ರಾಕ್ಟರ್. ಸಿಮೆಂಟ್ ನೀವೇ ತಂದುಕೊಟ್ಟಿದ್ದರೆ ಆ ಭಾಗ ನಿಮ್ಮದು.

ನೀವು ಕೇಳಬೇಕಾದ ಒಂದು ಪ್ರಶ್ನೆ ಇದೆ: ಸ್ಲ್ಯಾಬಿಗೆ ಎಷ್ಟು ದಿನ ನೀರು ನಿಲ್ಲಿಸಿದರು, ಯಾರು ನೋಡಿದರು? ಈಗ ಹೆಚ್ಚಾಗಿ ಬಳಸುವ ಪಿಪಿಸಿ (ಹಾರುಬೂದಿಯಂಥದ್ದು ಬೆರೆಸಿದ) ಸಿಮೆಂಟಿಗೆ ಕನಿಷ್ಠ 10 ದಿನ ಕ್ಯೂರಿಂಗ್, ಅಂದರೆ ಹೀಗೆ ಒದ್ದೆಯಾಗಿಡುವುದು, ಬೇಕು. ತೋಟಕ್ಕೆ ನೀರು ಬಿಡಲು ಮರೆಯದ ಮನೆಯವರೂ ಸ್ಲ್ಯಾಬಿಗೆ ನೀರು ಹಾಕುವುದು 'ಕೆಲಸದವರು ನೋಡ್ತಾರೆ' ಅಂತ ಬಿಡುತ್ತಾರೆ. ಕೆಲಸದವರು ಅಷ್ಟರಲ್ಲಿ ಇನ್ನೊಂದು ಮನೆಗೆ ಹೋಗಿರುತ್ತಾರೆ. ಕ್ಯೂರಿಂಗ್ ಒಂದೇ ಕಾರಣ ಅಂತ ನಾನು ಇಲ್ಲಿ ಕೂತು ಹೇಳಲಾರೆ, ಹಸಿ ಕಾಂಕ್ರೀಟನ್ನು ಅದುರಿಸಿ ಕೂರಿಸುವ ವೈಬ್ರೇಟರ್ ಸರಿಯಾಗಿ ಹಾಕದೆ ಒಳಗೆ ಪೊಳ್ಳು ಬಿದ್ದಿರಬಹುದು, ಇಳಿಜಾರು ಇಲ್ಲದೆ ನೀರು ನಿಲ್ಲುತ್ತಿರಬಹುದು. ಮೂವರನ್ನೂ ಒಂದೇ ದಿನ, ಒಂದೇ ಹೊತ್ತಿಗೆ ಸ್ಲ್ಯಾಬಿನ ಮೇಲೆ ಕರೆಸಿ. ಬೇರೆ ಬೇರೆಯಾಗಿ ಫೋನ್ ಮಾಡಿದರೆ ಈ ಬೆರಳು ತೋರಿಸುವುದು ಮುಗಿಯುವುದಿಲ್ಲ. ಮಾತಾಡಿದ್ದನ್ನು ಬರೆದು ಮೂವರ ಸಹಿ ತಗೊಳ್ಳಿ, ಅದಾಗುವ ತನಕ ಮುಂದಿನ ಕಂತು ಕೊಡಬೇಡಿ.

ಪ್ರಶ್ನೆ: ಸಿವಿಲ್ ಮುಗಿಸಿದ್ದೇನೆ. ಪ್ಲ್ಯಾನಿಂಗ್ ಮತ್ತು ಬಿಲ್ಲಿಂಗ್, ಎರಡೂ ಕಡೆ ಕೆಲಸ ಸಿಕ್ಕಿದೆ. ಹುಡುಗಿಯರಿಗೆ ಆಫೀಸ್ ಕೆಲಸ ಒಳ್ಳೆಯದು ಅಂತ ಮನೆಯಲ್ಲಿ ಹೇಳುತ್ತಾರೆ. ಯಾವುದು ಆರಿಸಲಿ?
— ಓದುಗರು, ಹೊನ್ನಾವರ

ಉತ್ತರ: ಎರಡೂ ಒಳ್ಳೆಯ ಕೆಲಸ, ಎರಡಕ್ಕೂ ಸೈಟ್ ಗೊತ್ತಿರಬೇಕು. ನಿಮ್ಮೂರಿನ ಶರಾವತಿ ಮೇಲೆ ಕೊಂಕಣ ರೈಲ್ವೆಯ ಸೇತುವೆ 2 ಕಿಲೋಮೀಟರಿಗಿಂತ ಉದ್ದ ಇದೆ, ದಿನಾ ನೋಡುತ್ತೀರಿ. ನದಿಯೊಳಗಿನ ಅಂಥ ಕೆಲಸದಲ್ಲಿ ಮಳೆಗೆ ಮೊದಲು ಯಾವ ಅಡಿಪಾಯ ಮೇಲೆ ಬರಬೇಕು, ಅದಕ್ಕೆ ಕಬ್ಬಿಣ ಯಾವಾಗ ಬರಬೇಕು ಎಂದು ತಿಂಗಳುಗಟ್ಟಲೆ ಮೊದಲೇ ಕೂತು ಲೆಕ್ಕ ಹಾಕುವುದು ಪ್ಲ್ಯಾನಿಂಗ್ ಇಂಜಿನಿಯರ್. ಬಿಲ್ಲಿಂಗ್ ಅಂದರೆ ಆದ ಕೆಲಸವನ್ನು ಅಳೆದು ಹಣ ತರುವುದು. ಆ ಬಿಲ್ ತಡವಾದರೆ ಕೂಲಿಯೂ ತಡ. ಮೊದಲು ಒಂದು ವರ್ಷ ಸೈಟಿನಲ್ಲಿ ಹಾಕಿ ಅಂತ ಎರಡೂ ಕಂಪನಿಗೆ ಕೇಳಿ, ಒಪ್ಪಿದವರ ಕಡೆ ಹೋಗಿ. ಅಷ್ಟರಲ್ಲಿ ಒಂದು ಲೆಕ್ಕ ಕಲಿತಿಡಿ: ಕಂಬಿಯ ವ್ಯಾಸವನ್ನು ಮಿ.ಮೀ.ನಲ್ಲಿ ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರ್ ಕಂಬಿಯ ತೂಕ ಕೆಜಿಯಲ್ಲಿ ಬರುತ್ತದೆ. 12 ಮಿ.ಮೀ. ಕಂಬಿಗೆ ಸುಮಾರು 0.89 ಕೆಜಿ. ಯಾವುದಾದರೂ ಸೈಟಿಗೆ ಹೋಗಿ ಒಂದು ಮೀಟರ್ ತುಂಡು ತಕ್ಕಡಿಗೆ ಹಾಕಿ ನೋಡಿ.