ಗಾಡಿ ಮಾತು: ಪಿಕಪ್‌ಗೆ ಹೆಲ್ಪರ್ ಪ್ಲೇಟ್ ಹಾಕಿಸುವ ಮುಂಚೆ

ಪ್ರಶ್ನೆ: ನನ್ನದು 1.7 ಟನ್ನಿನ ಬೊಲೆರೊ ಪಿಕಪ್. ಮುಳಬಾಗಿಲು ಕಡೆಯ ಹಳ್ಳಿಗಳಿಂದ ಕೋಲಾರ ಎಪಿಎಂಸಿಗೆ ಟೊಮೆಟೊ ಹೊಡೆಯುತ್ತೇನೆ. ಮಾಮೂಲಿ ದಿನ 100 ಕ್ರೇಟು, ಸೀಸನ್ನಿನಲ್ಲಿ 130ರ ತನಕ ಹಾಕುತ್ತೇವೆ. ವಾಪಸ್ ಬರುವಾಗ ಖಾಲಿ ಕ್ರೇಟು ಅಷ್ಟೇ. ಲೋಡ್ ಇದ್ದಾಗ ಹಂಪ್ ಹತ್ತಿ ಇಳಿದರೆ ಹಿಂದೆ ಧಡ್ ಅಂತ ಹೊಡೆಯುತ್ತದೆ. ಎಡಗಡೆ ಜಾಸ್ತಿ ಕೂರುತ್ತದೆ. ಒಬ್ಬ ಮೆಕ್ಯಾನಿಕ್ ಹಿಂದಿನ ಸ್ಪ್ರಿಂಗ್ ಪ್ಲೇಟ್ ಸೆಟ್ಟಿಗೆ ಎರಡು ದಪ್ಪ ಪ್ಲೇಟ್ ಸೇರಿಸೋಣ ಅಂತಾರೆ. ಇನ್ನೊಬ್ಬರು ಹೆಲ್ಪರ್ ಅಂತಾರೆ, ಮತ್ತೊಬ್ಬರು ರಬ್ಬರ್ ಅಂತಾರೆ. ಯಾವುದು ಹಾಕಿಸಲಿ ಸಾರ್?
– ಓದುಗರು, ಮುಳಬಾಗಿಲು ತಾಲ್ಲೂಕು

ಉತ್ತರ: ನಿಮ್ಮ ಪ್ರಶ್ನೆಗೆ ಉದ್ದಕ್ಕೇ ಉತ್ತರ ಬರೆಯುತ್ತಿದ್ದೇನೆ. ಇದೇ ತೊಂದರೆ ಇಟ್ಟುಕೊಂಡು ನನ್ನ ಅಂಗಡಿಗೆ ಬರುವವರು ಬಹಳ ಜನ. ಎಷ್ಟೋ ಜನ ತಪ್ಪು ಪ್ಲೇಟ್ ಹಾಕಿಸಿ, ದುಡ್ಡು ಕಳೆದುಕೊಂಡ ಮೇಲೆ ಬರುತ್ತಾರೆ.

ಮೊದಲು ತೂಕ. ಕೋಲಾರದ ಕ್ರೇಟಿಗೆ ಹಣ್ಣು 15 ಕೆಜಿ. ಖಾಲಿ ಕ್ರೇಟಿಗೆ 2 ಕೆಜಿ ಹಿಡಿಯಿರಿ. ಅಂದರೆ ಒಂದಕ್ಕೆ 17 ಕೆಜಿ. ನೂರು ಕ್ರೇಟಿಗೇ 1,700 ಕೆಜಿ ಆಯಿತು, ಗಾಡಿಯ ಪೂರ್ತಿ ಲೋಡು ಅಲ್ಲಿಗೇ ಮುಗಿಯಿತು. ನೀವು ಮತ್ತು ಕ್ಲೀನರ್ ಕೂತಿರುವುದು, ಗಾಡಿಗೆ ಆಮೇಲೆ ಸೇರಿಸಿದ ಕಬ್ಬಿಣದ ಕಂಬಿ, ಜ್ಯಾಕಿ, ಹಗ್ಗ, ಟಾರ್ಪಾಲು ಎಲ್ಲ ಇದರ ಮೇಲೆ. 130 ಕ್ರೇಟು ಅಂದರೆ 2,210 ಕೆಜಿ. ಐನೂರು ಕೆಜಿಗೂ ಮೇಲೆ ಓವರ್‌ಲೋಡು.

ಹೆಲ್ಪರ್ ಪ್ಲೇಟ್ ಅಂದರೆ ಇರುವ ಸೆಟ್ಟಿನ ಜೊತೆ ಕೂರಿಸುವ ಹೆಚ್ಚುವರಿ ಪ್ಲೇಟ್. ಅದು ಗಾಡಿಯ ಹಿಂಭಾಗವನ್ನು ಮೇಲೆ ಹಿಡಿಯುತ್ತದೆ, ಅಷ್ಟೇ. ಅದರಿಂದ ಗಾಡಿಯ ಲೋಡು ಒಂದು ಕೆಜಿಯೂ ಜಾಸ್ತಿ ಆಗುವುದಿಲ್ಲ. ಬ್ರೇಕು ಅದೇ, ಆಕ್ಸಲ್ ಅದೇ, ವೀಲ್ ಬೇರಿಂಗ್ ಅದೇ, ಟೈರೂ ಅದೇ. ಟೈರಿನ ಪಕ್ಕದಲ್ಲಿ ಸೈಜಿನ ಜೊತೆ ಒಂದು ಸಂಖ್ಯೆ ಇರುತ್ತದೆ, ನೋಡಿ. 104 ಅಂತಿದ್ದರೆ ಆ ಟೈರು ಹೊರುವುದು 900 ಕೆಜಿ, 109 ಅಂತಿದ್ದರೆ 1,030 ಕೆಜಿ. ಹಿಂದಿನ ಎರಡು ಟೈರಿನ ಲೆಕ್ಕ ಕೂಡಿಸಿ, ವೇಬ್ರಿಡ್ಜ್‌ನಲ್ಲಿ ಹಿಂದಿನ ಚಕ್ರ ಮಾತ್ರ ನಿಲ್ಲಿಸಿ ತೂಗಿಸಿದ ಚೀಟಿಯ ಪಕ್ಕ ಇಟ್ಟು ನೋಡಿ. ಪ್ಲೇಟ್ ಎಷ್ಟೇ ಗಟ್ಟಿ ಇದ್ದರೂ ಟೈರು ಆ ಸಂಖ್ಯೆ ದಾಟಬಾರದು. ಕಾಯ್ದೆಯೂ ಆರ್‌ಸಿಯಲ್ಲಿರುವ ತೂಕವನ್ನೇ ನೋಡುತ್ತದೆ. 2019ರ ತಿದ್ದುಪಡಿ ಆದ ಮೇಲೆ ಓವರ್‌ಲೋಡಿಗೆ 20,000 ರೂಪಾಯಿ ದಂಡ, ಜಾಸ್ತಿ ಇರುವ ಪ್ರತಿ ಟನ್ನಿಗೆ 2,000 ಬೇರೆ, ಇಳಿಸುವ ಕೂಲಿಯೂ ನಿಮ್ಮದೇ. ಹಾಗಾಗಿ 130 ಕ್ರೇಟಿಗೆ ಯಾವ ಪ್ಲೇಟ್ ಅಂತ ನಾನು ಹೇಳುವುದಿಲ್ಲ. ತೊಂಬತ್ತರ ಆಸುಪಾಸು ಕ್ರೇಟು, ಕೆಟ್ಟ ರಸ್ತೆ, ವಾಪಸ್ ಖಾಲಿ. ಇದಕ್ಕೆ ಯಾವುದು ಸರಿ ಅಂತ ಹೇಳುತ್ತೇನೆ.

ಹೊಸದನ್ನು ಕೊಳ್ಳುವ ಮೊದಲು ಇರುವುದನ್ನು ನೋಡಿ. ಗಾಡಿ ಖಾಲಿ ಮಾಡಿ, ಸಮ ನೆಲದಲ್ಲಿ ನಿಲ್ಲಿಸಿ, ಪ್ಲೇಟಿನ ಮೇಲಿನ ಮಣ್ಣೆಲ್ಲ ನೀರು ಹೊಡೆದು ತೊಳೆಯಿರಿ. ಲೋಡ್ ಇಲ್ಲದಿದ್ದರೂ ಪ್ಲೇಟು ಬಾಗು ಕಳೆದುಕೊಂಡು ಚಪ್ಪಟೆ ಆಗಿದೆಯಾ? ಹಾಗಿದ್ದರೆ ಅದು ಸುಸ್ತಾದ ಸೆಟ್ಟು. ಎಡಗಡೆ ಜಾಸ್ತಿ ಕೂರುತ್ತದೆ ಅಂದಿರಲ್ಲ, ಆ ಕಡೆ ಒಂದು ಪ್ಲೇಟ್ ಕಟ್ಟಾಗಿರುವ ಸಾಧ್ಯತೆ ಬಹಳ. ಸಾಮಾನ್ಯವಾಗಿ ಸೆಂಟರ್ ಬೋಲ್ಟಿನ ತೂತಿನ ಹತ್ತಿರವೇ ಕಟ್ಟಾಗುತ್ತದೆ. ಸೆಟ್ಟನ್ನು ಆಕ್ಸಲಿಗೆ ಬಿಗಿಯುವ ಯು ಬೋಲ್ಟಿನ ಕೆಳಗೆ ಮುಚ್ಚಿಹೋಗಿರುವುದರಿಂದ ಹೊರಗಿನಿಂದ ಕಾಣುವುದಿಲ್ಲ. ಬಿಚ್ಚಿದಾಗ ಮುರಿದ ಜಾಗವನ್ನು ಬೆಳಕಿಗೆ ಹಿಡಿದು ನೋಡಿ. ಒಂದು ಭಾಗ ಕಂದು ಬಣ್ಣಕ್ಕೆ ತಿರುಗಿ ತುಕ್ಕು ಹಿಡಿದಿರುತ್ತದೆ, ಉಳಿದದ್ದು ಬೂದು ಬಣ್ಣ, ಸಣ್ಣ ಹರಳಿನ ಹಾಗೆ ಮಿನುಗುತ್ತದೆ. ತುಕ್ಕು ಹಿಡಿದದ್ದು ಹಳೇ ಬಿರುಕು. ಮಿನುಗುವುದು ಕೊನೆಗೆ ಒಂದೇ ಏಟಿಗೆ ಹೋದ ಭಾಗ. ತುಕ್ಕಿನ ಭಾಗ ಅಗಲ ಇದ್ದಷ್ಟೂ ಆ ಪ್ಲೇಟು ಬಿರುಕು ಇಟ್ಟುಕೊಂಡೇ ಬಹಳ ದಿನ ದುಡಿದಿದೆ ಅಂತ ಅರ್ಥ. ಸೆಟ್ಟಿನ ತುದಿಯ ಶಾಕಲ್ ಬುಷ್, ಶಾಕ್ ಅಬ್ಸಾರ್ಬರ್ ಸಹ ನೋಡಿಸಿ. ಕಟ್ಟಾದ ಅಥವಾ ಸುಸ್ತಾದ ಸೆಟ್ಟಿನ ಮೇಲೆ ಹೆಲ್ಪರ್ ಕೂರಿಸಿದರೆ ಪೂರ್ತಿ ಭಾರ ಹೊಸ ಪ್ಲೇಟಿಗೇ ಬೀಳುತ್ತದೆ, ಅದೂ ಬೇಗ ಹೋಗುತ್ತದೆ.

ಸೆಟ್ಟು ಚೆನ್ನಾಗಿದೆ ಅಂತ ಗೊತ್ತಾದ ಮೇಲೆ ಟೇಪು ತಗೊಳ್ಳಿ. ಚಾಸಿಯ ಕೆಳಗೆ ಏಟು ತಡೆಯುವುದಕ್ಕೆ ಇರುವ ಹಿಂದಿನ ಬಂಪ್ ರಬ್ಬರಿಗೂ ಆಕ್ಸಲ್ ಹೌಸಿಂಗಿಗೂ ನಡುವಿನ ಸಂದು ಅಳೆಯಿರಿ. ಖಾಲಿ ಇದ್ದಾಗ ಒಮ್ಮೆ, ಲೋಡ್ ಆದ ಮೇಲೆ ಒಮ್ಮೆ. ಎರಡೂ ಸಲ ಹಿಂದಿನ ಆಕ್ಸಲ್ ತೂಕವನ್ನೂ ಬರೆದಿಟ್ಟುಕೊಳ್ಳಿ. ಒಂದು ಉದಾಹರಣೆ ಹೇಳುತ್ತೇನೆ. ಹಿಂದೆ 1,500 ಕೆಜಿ ಜಾಸ್ತಿ ಬಿತ್ತು ಅನ್ನೋಣ, ಒಂದು ಕಡೆಗೆ 750. ಸಂದು 12 ಸೆಂಟಿಮೀಟರ್ ಇದ್ದದ್ದು 2ಕ್ಕೆ ಇಳಿಯಿತು. ಅಂದರೆ 10 ಸೆಂಟಿಮೀಟರ್ ಕೂತಿದೆ, ಸೆಂಟಿಮೀಟರಿಗೆ 75 ಕೆಜಿ. ಉಳಿದಿರುವ 2 ಸೆಂಟಿಮೀಟರ್ ಒಂದು ಹಂಪಿಗೆ ಸಾಲದು. ನಿಮಗೆ ಕೇಳಿಸುವ ಧಡ್ ಅದೇ.

ಈಗ ಇದಕ್ಕೆ ಸೆಂಟಿಮೀಟರಿಗೆ 50 ಕೆಜಿ ಹೊರುವ ಹೆಲ್ಪರ್ ಹಾಕೋಣ. ಆದರೆ ಅದು ಶುರುವಿನಿಂದಲೇ ಕೆಲಸ ಮಾಡಬಾರದು, ಗಾಡಿ 5 ಸೆಂಟಿಮೀಟರ್ ಕೂತ ಮೇಲೆ ಮಾತ್ರ ತಾಗಬೇಕು. ಮೊದಲ 5 ಸೆಂಟಿಮೀಟರಿಗೆ ಹಳೇ ಸೆಟ್ಟೇ 375 ಕೆಜಿ ಹೊರುತ್ತದೆ. ಉಳಿದ 375 ಕೆಜಿಗೆ ಎರಡೂ ಸೇರಿ ಸೆಂಟಿಮೀಟರಿಗೆ 125. ಅಂದರೆ ಇನ್ನು 3 ಸೆಂಟಿಮೀಟರ್ ಸಾಕು. ಒಟ್ಟು 8 ಕೂರುತ್ತದೆ, ಸಂದು 4 ಉಳಿಯುತ್ತದೆ. ನೋಡುವುದಕ್ಕೆ ಎರಡೇ ಸೆಂಟಿಮೀಟರ್ ಲಾಭ. ಆದರೆ ಹಂಪಿಗೆ ಉಳಿಯುವ ಜಾಗ ಎರಡು ಪಟ್ಟಾಯಿತು, ಅಲ್ಲಿಂದ ಮುಂದಿನ ಪ್ರತಿ ಸೆಂಟಿಮೀಟರೂ ಮೊದಲಿಗಿಂತ ಗಟ್ಟಿ. ಇಷ್ಟೇ ಬೇಕಾಗಿರುವುದು.

ಸೆಟ್ಟಿನೊಳಗೇ ಎರಡು ದಪ್ಪ ಪ್ಲೇಟ್ ಸೇರಿಸುವುದು ನಿಮಗೆ ಬೇಡವೇ ಬೇಡ. ಅವು ಖಾಲಿ ಗಾಡಿಯಲ್ಲೂ ಕೆಲಸ ಮಾಡುತ್ತವೆ. ನಿಮ್ಮದು ಅರ್ಧ ಓಡಾಟ ಖಾಲಿಯೇ. ಖಾಲಿ ಗಾಡಿಯಲ್ಲಿ ಹಿಂದಿನ ಚಕ್ರ ನೆಲ ಬಿಟ್ಟು ಕುಣಿಯುತ್ತದೆ. ಮಳೆಯಲ್ಲಿ ಬ್ರೇಕ್ ಹಿಡಿದರೆ ಹಿಂದೆ ಜಾರುತ್ತದೆ. ಲೋಡ್ ಇದ್ದಾಗಲೂ ಸೆಟ್ಟು ಕಲ್ಲಿನಂತಿದ್ದರೆ ಪ್ರತಿ ಗುಂಡಿಯ ಏಟೂ ತಳದ ಕ್ರೇಟಿಗೇ ಹೋಗುತ್ತದೆ. ತಳದ ಸಾಲಿನ ಹಣ್ಣು ಒಡೆದು ರಸ ಬಿಟ್ಟರೆ ಮಂಡಿಯಲ್ಲಿ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಬೆಳೆದವರ ಹಣ್ಣು ಹಣ್ಣಾಗಿಯೇ ಇಳಿಯಬೇಕು. ಪ್ಲೇಟ್ ಆರಿಸುವಾಗ ನಾನು ಮೊದಲು ಯೋಚಿಸುವುದು ಇದನ್ನೇ.

ದಪ್ಪದ ವಿಷಯದಲ್ಲಿ ತುಂಬ ಜನ ಮೋಸ ಹೋಗುತ್ತಾರೆ. ಒಂದು ಮಿಲಿಮೀಟರ್ ತಾನೇ, ಇರಲಿ ಅಂತಾರೆ. ಉದ್ದ, ಅಗಲ ಒಂದೇ ಇದ್ದು 7 ಎಂಎಂ ಬದಲು 8 ಎಂಎಂ ಹಾಕಿದರೆ ಆ ಪ್ಲೇಟು ಸುಮಾರು ಒಂದೂವರೆ ಪಟ್ಟು ಗಟ್ಟಿ. 6ರ ಬದಲು 8 ಹಾಕಿದರೆ ಎರಡು ಪಟ್ಟಿಗೂ ಜಾಸ್ತಿ. ಉದ್ದ ಕಮ್ಮಿ ಆದರೂ ಹೀಗೇ ಗಟ್ಟಿ ಏರುತ್ತದೆ. ಆದ್ದರಿಂದ ಬೇರೆ ಗಾಡಿಯ ಹಳೇ ಪ್ಲೇಟನ್ನು ಕತ್ತರಿಸಿ ಹೊಂದಿಸಿ ಕೊಡುತ್ತೇವೆ ಅಂದರೆ ಒಪ್ಪಬೇಡಿ. ಅದು ಎಷ್ಟು ಹೊರುತ್ತದೆ ಅಂತ ಕತ್ತರಿಸಿದವರಿಗೂ ಗೊತ್ತಿರುವುದಿಲ್ಲ. ನಿಮ್ಮ ಮಾಡೆಲ್ಲಿಗೇ ಅಂತ ಬರುವ ಹೆಲ್ಪರ್ ಕೇಳಿ. ಎರಡೂ ಕಡೆ ಒಟ್ಟಿಗೇ ಹಾಕಿಸಿ. ಎಡಗಡೆ ಕೂರುತ್ತದೆ ಅಂತ ಎಡಕ್ಕೆ ಮಾತ್ರ ಹಾಕಿಸಿದರೆ ಲೋಡ್ ಇದ್ದಾಗ ಗಾಡಿ ಬಲಕ್ಕೆ ವಾಲುತ್ತದೆ.

ರಬ್ಬರ್ ಕೆಟ್ಟದ್ದಲ್ಲ. ಬಂಪ್ ರಬ್ಬರಿನ ಜಾಗದಲ್ಲಿ ಕೂರುವ, ಎತ್ತರದ, ಮೆತ್ತಗೆ ಒತ್ತಿಕೊಳ್ಳುವ ರಬ್ಬರ್ ಸ್ಪ್ರಿಂಗ್ ಬರುತ್ತದೆ. ಅದಕ್ಕೆ ಯು ಬೋಲ್ಟ್ ಬಿಚ್ಚುವ ಕೆಲಸವೂ ಇಲ್ಲ. ವರ್ಷಕ್ಕೆ ಎರಡು ಮೂರು ತಿಂಗಳು ಮಾತ್ರ ಲೋಡ್ ಹೊಡೆಯುವವರಿಗೆ ನಾನು ಅದನ್ನೇ ಹೇಳುತ್ತೇನೆ. ನೀವು ದಿನಾ ಹೊಡೆಯುವವರು. ಲೋಡಿಗೆ ಮಾತ್ರ ತಾಗುವ ಹೆಲ್ಪರ್ ಪ್ಲೇಟೇ ನಿಮಗೆ ಸರಿ. ಪ್ಲೇಟ್ ಸೆಟ್ಟಿನ ಮಧ್ಯೆ ಸುಮ್ನೆ ತುರುಕುವ ರಬ್ಬರ್ ತುಂಡುಗಳು ಮಾತ್ರ ಬೇಡ. ಅವು ಇದ್ದ ಕಡೆ ಪ್ಲೇಟ್ ಸರಿಯಾಗಿ ಬಾಗುವುದಕ್ಕೆ ಆಗುವುದಿಲ್ಲ, ಪಕ್ಕದಲ್ಲೇ ಕಟ್ಟಾಗುತ್ತದೆ.

ಹಾಕಿಸುವ ದಿನ ಅಂಗಡಿಯಲ್ಲೇ ನಿಂತಿರಿ. ಹಳೇ ಯು ಬೋಲ್ಟ್ ಮತ್ತೆ ಹಾಕಿಸಬೇಡಿ, ಒಮ್ಮೆ ಎಳೆದು ಬಿಗಿದದ್ದು ಮತ್ತೆ ಅದೇ ಬಿಗಿ ಹಿಡಿಯುವುದಿಲ್ಲ. ಸೆಟ್ಟು ದಪ್ಪ ಆಗಿರುವುದರಿಂದ ಉದ್ದವೂ ಜಾಸ್ತಿ ಬೇಕಾಗುತ್ತದೆ. ಸೆಂಟರ್ ಬೋಲ್ಟಿನ ತಲೆ ಹೌಸಿಂಗಿನ ಸೀಟಿನ ತೂತಿನೊಳಗೆ ಸರಿಯಾಗಿ ಕೂತಿದೆಯಾ ನೋಡಿ. ಕೂರದಿದ್ದರೆ ಆಕ್ಸಲ್ ಸರಿದು ಗಾಡಿ ಓರೆಯಾಗಿ ಓಡುತ್ತದೆ. ಲೋಡ್ ಹಾಕಿ ಒಂದೆರಡು ಟ್ರಿಪ್ ಆದ ಮೇಲೆ ನಟ್ಟುಗಳನ್ನು ಮತ್ತೆ ಬಿಗಿ ಮಾಡಿಸಲೇಬೇಕು.

ಇನ್ನೊಂದು ಮಾತು ಯಾರೂ ಹೇಳುವುದಿಲ್ಲ. ಹಿಂದಿನ ಹೌಸಿಂಗಿನಿಂದ ಚಾಸಿಯ ಮೇಲಿರುವ ಬ್ರೇಕ್ ವಾಲ್ವಿಗೆ ಒಂದು ಸಣ್ಣ ಕಂಬಿ ಹೋಗಿದೆಯಾ ಅಂತ ಬಗ್ಗಿ ನೋಡಿ. ಇದ್ದರೆ ಅದು ಎಲ್‌ಎಸ್‌ಪಿವಿ. ಗಾಡಿ ಎಷ್ಟು ಕೂತಿದೆ ಅಂತ ನೋಡಿಕೊಂಡು ಹಿಂದಿನ ಬ್ರೇಕಿಗೆ ಎಷ್ಟು ಒತ್ತಡ ಬಿಡಬೇಕು ಅಂತ ಅದು ತೀರ್ಮಾನ ಮಾಡುತ್ತದೆ. ಹೆಲ್ಪರ್ ಹಾಕಿ ಹಿಂದೆ ಎತ್ತರ ಆದರೆ, ಗಾಡಿಯಲ್ಲಿ ಇರುವುದಕ್ಕಿಂತ ಕಮ್ಮಿ ಲೋಡ್ ಇದೆ ಅಂತ ಅದರ ಲೆಕ್ಕ. ಹಿಂದಿನ ಬ್ರೇಕ್ ಕಮ್ಮಿ ಹಿಡಿಯುತ್ತದೆ. ಹೆಲ್ಪರ್ ಹಾಕಿಸಿದ ದಿನವೇ ಇದನ್ನು ಬಲ್ಲವರಿಂದ ಹೊಂದಿಸಿಕೊಳ್ಳಿ. ಹೆಡ್‌ಲೈಟ್ ಕೂಡ ಅವತ್ತೇ ಸರಿ ಮಾಡಿಸಿ. ನೀವು ರಾತ್ರಿ ಹೊತ್ತು ಓಡಾಡುವವರು.

ಕ್ರೇಟು ಜೋಡಿಸುವಾಗ ಹಿಂದಿನ ಡಾಲಾ (ಹಿಂಬಾಗಿಲು) ಹತ್ತಿರ ಎತ್ತರ ಮಾಡಬೇಡಿ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಸುಮಾರು 3 ಮೀಟರ್ ಅಂತರ ಅನ್ನೋಣ. ಹಿಂದಿನ ಆಕ್ಸಲಿನಿಂದ 60 ಸೆಂಟಿಮೀಟರ್ ಆಚೆ 300 ಕೆಜಿ ಇಟ್ಟರೆ ಹಿಂದಕ್ಕೆ ಬೀಳುವುದು 360 ಕೆಜಿ, ಮುಂದಿನ ಚಕ್ರದಿಂದ 60 ಕೆಜಿ ಎದ್ದು ಹೋಗುತ್ತದೆ. ಸ್ಟೇರಿಂಗ್ ಹಗುರ ಆಗುವುದು ಇದರಿಂದಲೇ. ಕ್ಯಾಬಿನ್ ಕಡೆಗೆ ಒತ್ತಾಗಿ ಜೋಡಿಸಿದರೆ ಅರ್ಧ ತೊಂದರೆ ಪ್ಲೇಟ್ ಹಾಕಿಸುವ ಮೊದಲೇ ಹೋಗಬಹುದು.

ಪ್ರಶ್ನೆ: ಸಕಲೇಶಪುರ ಹತ್ತಿರ ನಮ್ಮ ಕಾಫಿ ತೋಟ. ಇಸುಜು ವಿ-ಕ್ರಾಸ್ ಇದೆ. ಕೊಯ್ಲಿನ ಸಮಯದಲ್ಲಿ ಮಾತ್ರ ಹಿಂದೆ ಮೂಟೆ ಹಾಕುತ್ತೇವೆ. ಉಳಿದಂತೆ ಮನೆಯವರು ಓಡಾಡುವ ಗಾಡಿ. ಮಗ ಹಿಂದೆ ಪ್ಲೇಟಿನ ಜೊತೆ ಗಾಳಿ ತುಂಬುವ ಏರ್ ಬ್ಯಾಗ್ ಹಾಕಿಸೋಣ ಅಂತಿದ್ದಾನೆ. ತೋಟದ ರಸ್ತೆಗೆ ಬಾಳಿಕೆ ಬರುತ್ತದಾ?
– ಓದುಗರು, ಸಕಲೇಶಪುರ

ಉತ್ತರ: ನಿಮ್ಮ ಮಗ ಹೇಳಿದ್ದು ಸರಿಯಾಗಿದೆ. ಮೂಟೆ ಇದ್ದಾಗ ಗಾಳಿ ತುಂಬಿಸಿ, ಇಳಿಸಿದ ಮೇಲೆ ಬಿಟ್ಟುಬಿಡಬಹುದು. ಮನೆಯವರು ಕೂತಾಗ ಗಾಡಿ ಮೊದಲಿನ ಹಾಗೇ ಮೆತ್ತಗೆ. ಆದರೆ ಪೂರ್ತಿ ಗಾಳಿ ತೆಗೆದು ಓಡಿಸಬೇಡಿ. ಖಾಲಿ ಇದ್ದಾಗಲೂ ಐದಾರು ಪಿಎಸ್‌ಐ ಗಾಳಿ ಒತ್ತಡ ಇರಲಿ, ಇಲ್ಲದಿದ್ದರೆ ಬ್ಯಾಗು ಮಡಿಕೆ ಬಿದ್ದು ಚಿವುಟಿಕೊಂಡು ಹರಿಯುತ್ತದೆ. ಎಡಕ್ಕೊಂದು, ಬಲಕ್ಕೊಂದು ಬೇರೆ ಬೇರೆ ವಾಲ್ವ್ ಹಾಕಿಸಿ. ಎರಡನ್ನೂ ಒಂದೇ ಪೈಪಿಗೆ ಸೇರಿಸಿದರೆ ಘಾಟಿಯ ತಿರುವಿನಲ್ಲಿ ಭಾರ ಬಿದ್ದ ಕಡೆಯಿಂದ ಗಾಳಿ ಆಚೆ ಕಡೆಗೆ ಓಡುತ್ತದೆ, ಗಾಡಿ ಇನ್ನೂ ಜಾಸ್ತಿ ವಾಲುತ್ತದೆ. ಶಿರಾಡಿಯಲ್ಲಿ ಇಳಿಯುವ ಗಾಡಿಗೆ ಇದು ಸಣ್ಣ ವಿಷಯ ಅಲ್ಲ.

ತೋಟದ ರಸ್ತೆಯ ಕೆಸರು, ಚೂಪು ಕಲ್ಲು ಬ್ಯಾಗಿಗೆ ಶತ್ರು. ಮಳೆಗಾಲದಲ್ಲಿ ಆಗಾಗ ತೊಳೆದು ನೋಡಿ. ಸೈಲೆನ್ಸರ್ ಪೈಪಿನ ಬಿಸಿ ತಾಗದ ಹಾಗೆ ಅಂತರ ಇರಲಿ. ಜೊತೆಗೆ ಇದನ್ನೂ ನೆನಪಿಡಿ: ಪ್ಲೇಟಿನ ಭಾರ ಚಾಸಿಗೆ ಎರಡು ತುದಿಯಲ್ಲಿ ಹಂಚಿ ಹೋಗುತ್ತದೆ, ಬ್ಯಾಗಿನ ಭಾರ ಮಧ್ಯೆ ಒಂದೇ ಕಡೆ ಒತ್ತುತ್ತದೆ. ಹಿಂದೆ ಟ್ರೇಲರ್ ಕಟ್ಟಿ ಅಥವಾ ಡಾಲಾ ತುದಿಯಲ್ಲಿ ಭಾರ ಹೇರಿ, ಬ್ಯಾಗು ಗಟ್ಟಿ ಮಾಡಿ ಗುಂಡಿ ಹಾರಿಸಿದವರ ಚಾಸಿ ಅಲ್ಲೇ ಬಗ್ಗಿದ್ದುಂಟು. ಮೂಟೆಗಳನ್ನು ಕ್ಯಾಬಿನ್ ಕಡೆಗೆ ಹಾಕಿ, ನಿಮಗೆ ಆ ತೊಂದರೆ ಬರುವುದಿಲ್ಲ.

ಪ್ರಶ್ನೆ: ಟಾಟಾ ಏಸ್‌ನಲ್ಲಿ 20 ಲೀಟರಿನ ನೀರಿನ ಕ್ಯಾನ್ ಹಾಕುತ್ತೇನೆ. ಹಿಂದೆ ಒಂದು ಪ್ಲೇಟ್ ಕಟ್ಟಾಗಿದೆ. ವೆಲ್ಡಿಂಗ್ ಮಾಡಿಸಿ, ಪಕ್ಕದಲ್ಲಿ ಒಂದು ಹೆಲ್ಪರ್ ಸೇರಿಸಿದರೆ ನಡೆಯುತ್ತದಾ?
– ಓದುಗರು, ತುಮಕೂರು

ಉತ್ತರ: ನಡೆಯುವುದಿಲ್ಲ. ಪ್ಲೇಟಿನ ಉಕ್ಕಿಗೆ ಬಿಸಿ ಮಾಡಿ, ತಣಿಸಿ ಹದ ಕೊಟ್ಟಿರುತ್ತಾರೆ. ವೆಲ್ಡಿಂಗಿನ ಬಿಸಿಗೆ ಆ ಹದ ಹೋಗುತ್ತದೆ, ಬೆಸುಗೆಯ ಪಕ್ಕದಲ್ಲೇ ಮತ್ತೆ ಕಟ್ಟಾಗುತ್ತದೆ. ಕಟ್ಟಾದ ಪ್ಲೇಟ್ ತೆಗೆಸಿ ಹೊಸದು ಹಾಕಿಸಿ. ಸೆಟ್ಟು ಹಳೆಯದಾಗಿದ್ದರೆ ಎರಡೂ ಕಡೆ ಪೂರ್ತಿ ಬದಲಾಯಿಸಿ. ಹೆಲ್ಪರ್ ಮಾತು ಅದಾದ ಮೇಲೆ. ನೀರು ತುಂಬಿದ ಒಂದು ಕ್ಯಾನ್ ಹತ್ತಿರ ಹತ್ತಿರ 21 ಕೆಜಿ. ನಿಮ್ಮದು 750 ಕೆಜಿ ಹೊರುವ ಏಸ್ ಆಗಿದ್ದರೆ, ನಿಮ್ಮ ತೂಕ 70 ಕೆಜಿ ಕಳೆದರೆ 32 ಕ್ಯಾನ್ ಆಗುತ್ತದೆ. ಅಷ್ಟೇ ಹಾಕುವುದಾದರೆ ಒಳ್ಳೆಯ ಸೆಟ್ಟು ಇದ್ದ ಏಸ್‌ಗೆ ಹೆಲ್ಪರ್ ಬೇಕಾಗುವುದಿಲ್ಲ.