ಯಾವುದನ್ನು ಮಾರಬೇಕು, ಯಾವುದನ್ನು ಉಳಿಸಿಕೊಳ್ಳಬೇಕು?

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗದಲ್ಲಿ ಅಪ್ಪ ಮತ್ತು ಕಾಕಾ ಸೇರಿ ಫೌಂಡ್ರಿ ನಡೆಸುತ್ತಾರೆ. ನಲವತ್ತು ಕೆಲಸಗಾರರು. ಕರಗಿಸಿದ ಲೋಹವನ್ನು ಮರಳಿನ ಅಚ್ಚಿಗೆ ಸುರಿದು ಪಂಪ್, ವಾಲ್ವಿನ ಕಾಸ್ಟಿಂಗ್ ಮಾಡುತ್ತೇವೆ. ಮುಕ್ಕಾಲು ಪಾಲು ಮಾಲು ಒಂದೇ ಕಂಪನಿಗೆ ಹೋಗುತ್ತದೆ. ನಾನು ಪುಣೆಯಲ್ಲಿ ಎಂಬಿಎ ಮುಗಿಸಿ ಬಂದಿದ್ದೇನೆ. ನಮ್ಮ ಪ್ಯಾಟರ್ನ್ ಶಾಪ್ (ಅಚ್ಚಿಗೆ ಬೇಕಾದ ಮಾದರಿಗಳನ್ನು ತಯಾರಿಸುವ ವಿಭಾಗ) ಮತ್ತು ಎರಡು ಟೆಂಪೊ ಮಾರಿ, ಕಾಸ್ಟಿಂಗ್ ಒಂದನ್ನೇ ಮಾಡೋಣ, ಸಾಫ್ಟ್‌ವೇರ್ ಹಾಕೋಣ ಎಂದರೆ ಅಪ್ಪ ಕೇಳುತ್ತಿಲ್ಲ. ಮೋಲ್ಡಿಂಗ್ ಮಿಸ್ತ್ರಿಯಂತೂ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ. ಬದಲಾವಣೆ ಎಲ್ಲಿಂದ ಶುರು ಮಾಡಲಿ?
– ಹೆಸರು ಬೇಡ, ಬೆಳಗಾವಿ

ಉತ್ತರ: ಟೆಂಪೊ ಬೇಕಾದರೆ ಮಾರಿ ತಂಗಿ. ಪ್ಯಾಟರ್ನ್ ಶಾಪನ್ನು ಮಾತ್ರ ಮುಟ್ಟಬೇಡಿ.

ಒಂದೇ ಕೆಲಸ ಹಿಡಿ, ಉಳಿದದ್ದನ್ನು ಹೊರಗೆ ಮಾಡಿಸು ಅನ್ನೋ ಪಾಠ ಸುಳ್ಳಲ್ಲ. ಆದರೆ ಅದು ಅಮೆರಿಕದಂಥ ಕಡೆ ಬೆಳೆದ ಪಾಠ. ಅಲ್ಲಿ ಹೊರಗೆ ಕೊಟ್ಟ ಕೆಲಸ ಸಾಮಾನ್ಯವಾಗಿ ಹೇಳಿದ ದಿನಕ್ಕೆ ಬರುತ್ತದೆ. ಸಾಲ ಬೇಕಾದರೆ ಕಂಪನಿಯ ಲೆಕ್ಕ ನೋಡಿ ಕೊಡುವವರಿದ್ದಾರೆ. ನಮ್ಮಂಥ ದೇಶಗಳಲ್ಲಿ ಈ ವ್ಯವಸ್ಥೆಯಲ್ಲೇ ದೊಡ್ಡ ತೂತುಗಳಿವೆ, ಅವನ್ನು ಕಂಪನಿಗಳು ತಾವೇ ಮುಚ್ಚಿಕೊಳ್ಳಬೇಕಾಗುತ್ತದೆ ಎಂದು ಹಾರ್ವರ್ಡಿನ ತರುಣ್ ಖನ್ನಾ ಮತ್ತು ಕೃಷ್ಣ ಪಾಲೇಪು 1997ರಲ್ಲೇ ಬರೆದರು. ಟಾಟಾದವರನ್ನೇ ನೋಡಿ. ದೇಶದಲ್ಲಿ ಮೊದಲ ಐಐಎಂ ಬಂದದ್ದು 1961ರಲ್ಲಿ. ಅದಕ್ಕೂ ಮುಂಚೆ, 1956ರಲ್ಲೇ, ಅವರು ಟಾಟಾ ಅಡ್ಮಿನಿಸ್ಟ್ರೇಟಿವ್ ಸರ್ವೀಸ್ ಶುರು ಮಾಡಿ ತಮಗೆ ಬೇಕಾದ ಮ್ಯಾನೇಜರುಗಳನ್ನು ತಾವೇ ತಯಾರು ಮಾಡಿಕೊಂಡರು. ಕಾಲೇಜು ಕೊಡದಿದ್ದನ್ನು ಕಂಪನಿ ಕೊಟ್ಟಿತು.

ನಿಮ್ಮ ಪ್ಯಾಟರ್ನ್ ಶಾಪ್ ಮಾಡುತ್ತಿರುವುದೂ ಅದನ್ನೇ. ಗಿರಾಕಿ ಡ್ರಾಯಿಂಗ್ ಬದಲಿಸಿ ಸೋಮವಾರ ಸ್ಯಾಂಪಲ್ ಬೇಕು ಅಂದಾಗ ರಾತ್ರಿ ಕೂತು ಕೋರ್ ಬಾಕ್ಸ್ (ಕಾಸ್ಟಿಂಗಿನ ಒಳಗಿನ ಟೊಳ್ಳಿಗೆ ಬೇಕಾದ ಅಚ್ಚು) ತಿದ್ದುವವರು ನಿಮ್ಮ ಶೆಡ್ಡಿನಲ್ಲೇ ಇದ್ದಾರೆ. ಹೊರಗಿನ ಶಾಪಿನಲ್ಲಿ ನೀವು ಸರದಿ ಕಾಯಬೇಕು. ಇಲ್ಲಿನ ಫೌಂಡ್ರಿಗಳ ಲೆಕ್ಕ ನೋಡುತ್ತಲೇ ನನ್ನ ತಲೆ ಬೆಳ್ಳಗಾಗಿದೆ. ಪ್ಯಾಟರ್ನ್ ಶಾಪ್ ಮುಚ್ಚಿದ ಒಂದು ಮನೆತನ ನನಗೆ ಗೊತ್ತು. ಮೊದಲ ವರ್ಷ ಖರ್ಚು ಉಳಿಯಿತು. ಮುಂದೆ ಹೊಸ ಗಿರಾಕಿಗೆ ಹೊತ್ತಿಗೆ ಸರಿಯಾಗಿ ಸ್ಯಾಂಪಲ್ ಕೊಡಲಾಗದೆ ಆ ಆರ್ಡರ್ ಕೊಲ್ಹಾಪುರಕ್ಕೆ ಹೋಯಿತು.

ಟೆಂಪೊ ಕಥೆ ಹಾಗಲ್ಲ. ಈಗ ಫೋನ್ ಮಾಡಿದರೆ ಬಾಡಿಗೆ ಟೆಂಪೊ ಗೇಟಿಗೆ ಬಂದು ನಿಲ್ಲುತ್ತದೆ. ಆ ತೂತು ಮುಚ್ಚಿ ಆಯಿತು. ಒಂದು ವರ್ಷದ ಡೀಸೆಲ್, ವಿಮೆ, ರಿಪೇರಿ, ಡ್ರೈವರ್ ಪಗಾರ ಕೂಡಿಸಿ ಅಪ್ಪನ ಮುಂದಿಡಿ. ಲೆಕ್ಕ ನೋಡಿದರೆ ಅವರು ಒಪ್ಪುತ್ತಾರೆ ಅಂತ ನನಗನಿಸುತ್ತದೆ.

ನಿಮ್ಮ ಪತ್ರದಲ್ಲಿ ನನಗೆ ನಿಜಕ್ಕೂ ಹೆದರಿಕೆ ಹುಟ್ಟಿಸಿದ್ದು ಬೇರೆಯದೇ ಮಾತು: ಮುಕ್ಕಾಲು ಪಾಲು ಮಾಲು ಒಂದೇ ಕಂಪನಿಗೆ! ಅವರು ದುಡ್ಡು ಕೊಡುವುದು ಎಷ್ಟು ದಿನಕ್ಕೆ? ಸಣ್ಣ ಉದ್ಯಮಕ್ಕೆ 45 ದಿನದೊಳಗೆ ಹಣ ಕೊಡಬೇಕು, ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸೇರಿಸಿ ಕೊಡಬೇಕು ಎಂದು 2006ರ ಎಂಎಸ್‌ಎಂಇ ಕಾನೂನು ಹೇಳುತ್ತದೆ. ಆದರೆ ಇರುವ ಒಬ್ಬ ದೊಡ್ಡ ಗಿರಾಕಿಯ ಮೇಲೆ ದೂರು ಕೊಡುವ ಧೈರ್ಯ ಯಾರಿಗಿದೆ ಹೇಳಿ? ಅದಕ್ಕೇ ಟ್ರೆಡ್ಸ್ ಕಡೆ ನೋಡಿ, ಅದು ಸಣ್ಣ ಉದ್ಯಮಗಳ ಬಿಲ್ಲಿನ ಮೇಲೆ ಹಣ ಕೊಡಿಸುವ ಆನ್‌ಲೈನ್ ವೇದಿಕೆ. ಅಲ್ಲಿ ನಿಮ್ಮ ಬಿಲ್ಲನ್ನು ಗಿರಾಕಿ ಒಪ್ಪಿದರೆ ಸಾಕು. ಬ್ಯಾಂಕುಗಳು ಪೈಪೋಟಿಯಲ್ಲಿ ಬಡ್ಡಿ ಕೂಗಿ ನಿಮಗೆ ಮುಂಚೆಯೇ ಹಣ ಕೊಡುತ್ತವೆ. ಆಮೇಲೆ ಗಿರಾಕಿ ಕೊಡದಿದ್ದರೂ ನಿಮ್ಮ ಹತ್ತಿರ ವಾಪಸು ಕೇಳುವಂತಿಲ್ಲ. ವರ್ಷದ ವಹಿವಾಟು 250 ಕೋಟಿ ರೂಪಾಯಿ ದಾಟಿದ ಕಂಪನಿಗಳು ಇದರಲ್ಲಿ ಹೆಸರು ನೋಂದಾಯಿಸಲೇಬೇಕು. ಸಣ್ಣ ಉದ್ಯಮ ಎಂದು ಸರ್ಕಾರದಲ್ಲಿ ಮಾಡಿಸುವ ನಿಮ್ಮ ಉದ್ಯಮ್ ನೋಂದಣಿ ಸರಿಯಾಗಿದೆಯೇ ನೋಡಿಕೊಂಡು, ಗಿರಾಕಿಯ ಅಕೌಂಟ್ಸ್ ವಿಭಾಗದವರ ಜೊತೆ ಮಾತಾಡಿ. ಇದು ಜಗಳವಲ್ಲ, ಅವರು ಹಣ ಕಟ್ಟುವ ಗಡುವೂ ಇದ್ದ ಹಾಗೇ ಉಳಿಯುತ್ತದೆ. ಕೈಗೆ ಹಣ ಬೇಗ ಬಂದರೆ ಎರಡನೇ, ಮೂರನೇ ಗಿರಾಕಿಗೆ ಸ್ಯಾಂಪಲ್ ಮಾಡಿಕೊಡಲು ಬಲ ಬರುತ್ತದೆ.

ಇನ್ನು ಮಿಸ್ತ್ರಿ. ಅವರು ಮರಳನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಒತ್ತಿ, ನಡುವೆ ಮುರಿದು, ಮುರಿದ ಅಂಚನ್ನು ನೋಡುತ್ತಾರಲ್ಲ, ಗಮನಿಸಿದ್ದೀರಾ? ಅಂಚು ಉದುರದೆ ನಿಂತರೆ ಮರಳು ಹದವಾಗಿದೆ ಅಂತ. ಕೈಗೆ ಅಂಟಿದರೆ ನೀರು ಜಾಸ್ತಿ. ನೀರು ಜಾಸ್ತಿಯಾದರೆ ಕಾಯಿಸಿದ ಲೋಹ ಬಿದ್ದ ಕೂಡಲೇ ಆವಿ ಎದ್ದು ಕಾಸ್ಟಿಂಗಿನಲ್ಲಿ ಬ್ಲೋ ಹೋಲ್, ಅಂದರೆ ಗಾಳಿಯ ತೂತು, ಬೀಳುತ್ತದೆ. ಜುಲೈ ಮಳೆಯಲ್ಲಿ ಬೆಳಗಾವಿಗೆ ಬರುವ ಮರಳೇ ಹಸಿ. ಈ ವಿದ್ಯೆ ಅವರ ಅಂಗೈಯಲ್ಲಿದೆ, ಎಲ್ಲೂ ಬರೆದಿಟ್ಟಿಲ್ಲ. ಕಂಪ್ಯೂಟರ್ ಬಂದರೆ ತನ್ನ ಬೆಲೆ ಹೋಗುತ್ತದೆ, ಕೆಟ್ಟ ಪೀಸಿನ ಲೆಕ್ಕವೆಲ್ಲ ತನ್ನ ತಲೆಗೆ ಬರುತ್ತದೆ ಎಂದು ಅವರು ಹೆದರಿದ್ದಾರೆ. ಹೆದರುವುದು ಸಹಜ ಅಲ್ವಾ?

ಆದ್ದರಿಂದ ಸಾಫ್ಟ್‌ವೇರ್ ಆಮೇಲೆ ಬರಲಿ. ಮೋಲ್ಡಿಂಗ್ ಜಾಗದ ಪಕ್ಕ ಒಂದು ಕರಿಹಲಗೆ ಹಾಕಿ. ಹೀಟ್ ನಂಬರ್ (ಲೋಹ ಕರಗಿಸಿದ ಸರದಿಯ ಸಂಖ್ಯೆ), ಮರಳಿನ ತೇವ, ಕೆಟ್ಟ ಪೀಸ್ ಎಷ್ಟು, ಯಾಕೆ ಕೆಟ್ಟಿತು. ಇಷ್ಟೇ. ಯಾರ ಹೆಸರೂ ಬೇಡ. ತೇವ ಅಳೆಯುವ ಮೀಟರ್ ತಂದು ಅವರ ಕೈಗೇ ಕೊಡಿ. ಅವರ ಮುಷ್ಟಿ ಏನು ಹೇಳುತ್ತದೆ, ಮೀಟರ್ ಏನು ಹೇಳುತ್ತದೆ, ಎರಡನ್ನೂ ಅವರೇ ಬರೆಯಲಿ. ಸಂಜೆ ಕಾಸ್ಟಿಂಗ್ ಉಜ್ಜಿ ಚೊಕ್ಕ ಮಾಡುವ ಫೆಟ್ಲಿಂಗ್ ಜಾಗದಲ್ಲಿ ರಿಜೆಕ್ಷನ್ ರಾಶಿಯ ಮುಂದೆ ಅವರ ಜೊತೆ ನೀವೂ ನಿಂತು ಒಂದೊಂದು ಪೀಸ್ ಎತ್ತಿ ನೋಡಿ. ರಿಜೆಕ್ಷನ್ ಇಳಿದು ಉಳಿದ ದುಡ್ಡಿನಲ್ಲಿ ಒಂದು ಪಾಲು ಮೋಲ್ಡರುಗಳಿಗೆ ಎಂದು ಅಪ್ಪನ ಬಾಯಲ್ಲೇ ಎಲ್ಲರ ಮುಂದೆ ಹೇಳಿಸಿ. ಹಲಗೆ ತುಂಬಿ ಜಾಗ ಸಾಲದಾದಾಗ ಕಂಪ್ಯೂಟರ್ ತರೋಣ ಎಂದು ಅವರೇ ಕೇಳಬಹುದು.

ಪ್ರಶ್ನೆ: ನಮ್ಮ ರೈತ ಉತ್ಪಾದಕ ಕಂಪನಿ ಒಣದ್ರಾಕ್ಷಿಗೆ ಕೆಜಿಗೆ ಜಾಸ್ತಿ ದರ ಕೊಟ್ಟರೂ ಸದಸ್ಯರು ಮಹಾರಾಷ್ಟ್ರದ ತಾಸಗಾಂವಿನ ದಲಾಲರ ಹತ್ತಿರವೇ ಹೋಗುತ್ತಾರೆ. ನಿಷ್ಠೆ ಇಲ್ಲದವರನ್ನು ಇಟ್ಟುಕೊಂಡು ಹೇಗೆ ನಡೆಸುವುದು?
– ನಿರ್ದೇಶಕರು, ತಿಕೋಟಾ, ವಿಜಯಪುರ ಜಿಲ್ಲೆ

ಉತ್ತರ: ಸಾಹೇಬ್ರ, ಅವರನ್ನು ಬೈಯಬೇಡಿ. ಅಕ್ಟೋಬರಿನಲ್ಲಿ ದ್ರಾಕ್ಷಿ ಬಳ್ಳಿ ಕತ್ತರಿಸುವ ಚಾಟನಿ ಹೊತ್ತಿಗೆ ಔಷಧಿ, ಗೊಬ್ಬರ, ಆಳಿಗೆ ದುಡ್ಡು ಬೇಕು. ಆಗ ಕೊಟ್ಟವರು ಯಾರು? ದಲಾಲ. ಮಾಲು ಹೋಗುವುದೂ ಅವನ ಹತ್ತಿರವೇ. ಅವನು ದರದಲ್ಲಿ ಕಡಿಮೆ ಕೊಟ್ಟರೂ ಬೇಕಾದ ದಿನ ಕೊಡುತ್ತಾನೆ. ನಿಮ್ಮ ಕಂಪನಿ ಜಾಸ್ತಿ ಕೊಟ್ಟರೂ ಎಷ್ಟು ದಿನಕ್ಕೆ ಕೊಡುತ್ತದೆ? ನೀವು ಪೈಪೋಟಿ ಮಾಡಬೇಕಿರುವುದು ಆ ಮುಂಗಡದ ಜೊತೆ.

ಸದಸ್ಯರ ಮಾಲನ್ನು ಕಂಪನಿ ಹೆಸರಲ್ಲಿ ಕೋಲ್ಡ್ ಸ್ಟೋರೇಜಿನಲ್ಲಿಟ್ಟು, ಅದರ ಮೇಲೆ ಬ್ಯಾಂಕ್ ಸಾಲ ತೆಗೆದು, ಮಾಲು ಇಟ್ಟ ವಾರದಲ್ಲೇ ಒಂದು ಪಾಲು ಕೊಡುವ ಹಾಗೆ ಮಾಡಿ. ಚಾಟನಿಗೆ ಮುಂಗಡವನ್ನು ಈ ವರ್ಷ ಎಲ್ಲರಿಗೂ ಕೊಡಲು ಹೋಗಬೇಡಿ. ಲೆಕ್ಕ ಸರಿಯಿರುವ ಸ್ವಲ್ಪ ಜನರಿಗೆ ಕೊಟ್ಟು ನೋಡಿ. ಸೆಪ್ಟೆಂಬರಿನೊಳಗೆ ಬ್ಯಾಂಕ್ ಮ್ಯಾನೇಜರರನ್ನು ಕರೆದು, ಸದಸ್ಯರ ಮುಂದೆಯೇ ಈ ಸಾಲದ ಮಾತು ಮುಗಿಸಿ.